ಮೌನವೇ ಸಮ್ಮತಿ ಎಂದ ನಿಯಮ: ಪಿಂಚಣಿ ತೆರಿಗೆ ವಕೀಲ ಮಾರ್ಕ್ ಐವ್ರಿ ಮತ್ತು ದುಡಿಯುವವರ ಉಳಿತಾಯ

ಗಲ್ಫ್‌ನಲ್ಲಿ ಹತ್ತು, ಹದಿನೈದು, ಇಪ್ಪತ್ತು ವರ್ಷ ದುಡಿದು ಊರಿಗೆ ಮರಳುವವರ ಕೈಯಲ್ಲಿ ಕೊನೆಗೆ ಎಷ್ಟು ಉಳಿಯುತ್ತದೆ? ಮನೆ ಕಟ್ಟಿಸಿದ್ದು, ತಂಗಿಯ ಮದುವೆ, ಮಕ್ಕಳ ಫೀಸು, ಅಮ್ಮನ ಆಸ್ಪತ್ರೆ ಖರ್ಚು ಎಲ್ಲಾ ಕಳೆದ ಮೇಲೆ ಅನೇಕರಿಗೆ ಉಳಿಯುವುದು ಕಂಪನಿ ಕೊಡುವ ಗ್ರಾಚ್ಯುಟಿ ಮಾತ್ರ. ಉಳಿತಾಯ ಮಾಡಬೇಕು ಅಂತ ಗೊತ್ತಿಲ್ಲದವರು ಯಾರೂ ಇಲ್ಲ. "ಮುಂದಿನ ತಿಂಗಳಿಂದ ಶುರು ಮಾಡೋಣ" ಅನ್ನುತ್ತಲೇ ವರ್ಷಗಳು ಹೋಗಿಬಿಡುತ್ತವೆ.

ಇದು ಗಲ್ಫ್ ಕಾರ್ಮಿಕರಿಗೆ ಮಾತ್ರ ಇರುವ ತೊಂದರೆ ಅಲ್ಲ. ಅಮೆರಿಕದಲ್ಲೂ ಕೋಟ್ಯಂತರ ನೌಕರರು ಇದೇ ಮಾತು ಹೇಳುತ್ತಾ ನಿವೃತ್ತಿಗೆ ಏನೂ ಕೂಡಿಡದೆ ವಯಸ್ಸಾಗುತ್ತಿದ್ದರು. ಅಲ್ಲಿ ಈ ಸಮಸ್ಯೆಗೆ ಕಾನೂನಿನ ಒಳಗಿನಿಂದಲೇ ದಾರಿ ಹುಡುಕಿದವರಲ್ಲಿ ಪ್ರಮುಖರು ಜೆ. ಮಾರ್ಕ್ ಐವ್ರಿ. ಇವರು ಮಂತ್ರಿಯಲ್ಲ, ಚುನಾವಣೆ ಗೆದ್ದವರೂ ಅಲ್ಲ. ಪಿಂಚಣಿ ಮತ್ತು ನೌಕರರ ಸೌಲಭ್ಯಗಳ ತೆರಿಗೆ ಕಾನೂನಿನಲ್ಲಿ ಪಳಗಿದ ಒಬ್ಬ ವಕೀಲರು. ಅವರ ಮೂರು ದಶಕಗಳ ಕೆಲಸದಿಂದ ತಿಳಿಯುವ ಸಂಗತಿ ಒಂದೇ: ಕಾರ್ಮಿಕ ಸುಮ್ಮನಿದ್ದಾಗ ಏನಾಗುತ್ತದೆ ಎಂಬುದನ್ನು ಯಾರು ತೀರ್ಮಾನಿಸುತ್ತಾರೋ, ಅವನ ಮುಪ್ಪಿನ ಗತಿಯನ್ನೂ ಬಹುಮಟ್ಟಿಗೆ ಅವರೇ ತೀರ್ಮಾನಿಸುತ್ತಾರೆ.

ಒಂದು ನೋಟದಲ್ಲಿ

- ಶಿಕ್ಷಣ: ಹಾರ್ವರ್ಡ್ ಕಾಲೇಜು, ಹಾರ್ವರ್ಡ್ ಕಾನೂನು ಶಾಲೆ, ಹಾರ್ವರ್ಡ್‌ನ ಕೆನಡಿ ಸ್ಕೂಲ್‌ನಿಂದ ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಪದವಿ.
- ವಕೀಲಿ: ವಾಷಿಂಗ್ಟನ್‌ನ ಕವಿಂಗ್ಟನ್ ಅಂಡ್ ಬರ್ಲಿಂಗ್ ಸಂಸ್ಥೆಯಲ್ಲಿ ಪಾಲುದಾರ.
- 1995–2001: ಅಮೆರಿಕದ ಖಜಾನೆ ಇಲಾಖೆಯಲ್ಲಿ ಬೆನಿಫಿಟ್ಸ್ ಟ್ಯಾಕ್ಸ್ ಕೌನ್ಸೆಲ್, ಅಂದರೆ ನೌಕರರ ಸೌಲಭ್ಯಗಳ ತೆರಿಗೆ ವಿಷಯದ ಮುಖ್ಯ ಕಾನೂನು ಅಧಿಕಾರಿ.
- 2001ರ ನಂತರ: ಬ್ರೂಕಿಂಗ್ಸ್ ಸಂಸ್ಥೆಯ ಸೀನಿಯರ್ ಫೆಲೋ, ರಿಟೈರ್‌ಮೆಂಟ್ ಸೆಕ್ಯುರಿಟಿ ಪ್ರಾಜೆಕ್ಟ್‌ನ ಪ್ರಮುಖರಲ್ಲಿ ಒಬ್ಬರು.
- 2009–2017: ಒಬಾಮ ಆಡಳಿತದಲ್ಲಿ ಖಜಾನೆ ಕಾರ್ಯದರ್ಶಿಯ ಹಿರಿಯ ಸಲಹೆಗಾರ ಹಾಗೂ ನಿವೃತ್ತಿ ಮತ್ತು ಆರೋಗ್ಯ ನೀತಿಯ ಉಪ ಸಹಾಯಕ ಕಾರ್ಯದರ್ಶಿ.

ಈ ಕಾನೂನು ಹುಟ್ಟಿದ್ದು ಹೇಗೆ?

ಐವ್ರಿ ಆರಿಸಿಕೊಂಡ ವಿಷಯ ಏನೆಂದು ತಿಳಿಯಲು ಒಂದು ಕಾರು ಕಾರ್ಖಾನೆಯ ಕಥೆ ಗೊತ್ತಿರಬೇಕು. ಅಮೆರಿಕದ ಇಂಡಿಯಾನ ರಾಜ್ಯದ ಸೌತ್ ಬೆಂಡ್‌ನಲ್ಲಿ ಸ್ಟುಡ್‌ಬೇಕರ್ ಎಂಬ ಹಳೆಯ ಕಾರು ಕಂಪನಿ ಇತ್ತು. 1963ರ ಡಿಸೆಂಬರ್‌ನಲ್ಲಿ ಅಲ್ಲಿನ ಕಾರ್ಖಾನೆ ಮುಚ್ಚುವುದಾಗಿ ಕಂಪನಿ ಘೋಷಿಸಿತು. ಕಾರ್ಮಿಕರಿಗೆ ಪಿಂಚಣಿ ಕೊಡುತ್ತೇವೆ ಎಂಬ ಮಾತು ಇತ್ತು, ನಿಧಿಯೂ ಇತ್ತು. ಆದರೆ ನಿಧಿಯಲ್ಲಿ ಸಾಕಷ್ಟು ಹಣ ಇರಲಿಲ್ಲ. ಆಗಲೇ ನಿವೃತ್ತರಾದವರಿಗೂ 60 ದಾಟಿದವರಿಗೂ ಪೂರ್ತಿ ಪಿಂಚಣಿ ಸಿಕ್ಕಿತು. 40ರಿಂದ 59 ವರ್ಷದ ನಡುವಿನ, ಹತ್ತು ವರ್ಷಕ್ಕೂ ಹೆಚ್ಚು ದುಡಿದ ಸುಮಾರು 4,000 ಜನರಿಗೆ ಸಿಕ್ಕಿದ್ದು ಬರಬೇಕಾದ ಹಣದ ಶೇ. 15ರಷ್ಟು ಮಾತ್ರ. ಉಳಿದ ಸುಮಾರು 2,900 ಜನರಿಗೆ ಒಂದು ಡಾಲರ್ ಕೂಡ ಬರಲಿಲ್ಲ.

ಈ ಪ್ರಕರಣ ದೊಡ್ಡ ಚರ್ಚೆಗೆ ಕಾರಣವಾಯಿತು. ಕೊನೆಗೆ 1974ರ ಸೆಪ್ಟೆಂಬರ್ 2ರಂದು, ಅಮೆರಿಕದ ಕಾರ್ಮಿಕ ದಿನದಂದೇ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ನೌಕರರ ನಿವೃತ್ತಿ ಆದಾಯ ಭದ್ರತಾ ಕಾಯ್ದೆಗೆ ಸಹಿ ಹಾಕಿದರು. ಇದನ್ನು ಚುಟುಕಾಗಿ 'ಎರಿಸಾ' ಎನ್ನುತ್ತಾರೆ. ಪಿಂಚಣಿ ಕೊಡುವುದಾಗಿ ಹೇಳಿದ ಕಂಪನಿ ನಿಧಿಯನ್ನು ಪ್ರತ್ಯೇಕವಾಗಿ ಇಡಬೇಕು, ಇಷ್ಟು ವರ್ಷ ದುಡಿದರೆ ಹಕ್ಕು ಕಾಯಂ ಆಗಬೇಕು, ಹಣ ನೋಡಿಕೊಳ್ಳುವವರು ಕಾರ್ಮಿಕರ ಹಿತವನ್ನೇ ನೋಡಬೇಕು ಎಂಬ ನಿಯಮಗಳು ಬಂದವು. ಕಂಪನಿ ಮುಳುಗಿದರೆ ಒಂದು ಮಿತಿಯವರೆಗೆ ಪಿಂಚಣಿ ಕೊಡುವ ಸರ್ಕಾರಿ ವಿಮಾ ಸಂಸ್ಥೆಯೂ ಹುಟ್ಟಿಕೊಂಡಿತು.

ಇದರ ಜೊತೆಗೆ ವಕೀಲರಿಗೆ ಒಂದು ಹೊಸ ಕೆಲಸವೂ ಹುಟ್ಟಿತು. ಎರಿಸಾದಲ್ಲಿ ಕಾರ್ಮಿಕ ಕಾನೂನೂ ಇದೆ, ತೆರಿಗೆ ಕಾನೂನೂ ಇದೆ. ಎರಡನ್ನೂ ಬಲ್ಲವರು ಬೇಕಾಯಿತು.

ತೆರಿಗೆಗೂ ಪಿಂಚಣಿಗೂ ಏನು ಸಂಬಂಧ?

ಗಲ್ಫ್‌ನಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಇಲ್ಲಿರುವವರಿಗೆ ಈ ಪ್ರಶ್ನೆ ಸಹಜ. ಅಮೆರಿಕದಲ್ಲಿ ಸಂಬಳಕ್ಕೆ ತೆರಿಗೆ ಇದೆ. ಆದರೆ ನಿವೃತ್ತಿ ಖಾತೆಗೆ ಹಾಕಿದ ಹಣಕ್ಕೆ ಆಗಲೇ ತೆರಿಗೆ ಹಾಕುವುದಿಲ್ಲ, ಮುಂದೆ ಅದನ್ನು ತೆಗೆಯುವಾಗ ಹಾಕುತ್ತಾರೆ. ಕಂಪನಿ ಕೊಡುವ ಪಾಲಿಗೂ ರಿಯಾಯಿತಿ ಉಂಟು. ಸರ್ಕಾರ ತನಗೆ ಬರಬೇಕಾದ ಹಣವನ್ನು ಬಿಟ್ಟುಕೊಟ್ಟು ಜನರಿಂದ ಉಳಿತಾಯ ಮಾಡಿಸುತ್ತಿದೆ ಎಂದರ್ಥ.

ಬಿಟ್ಟುಕೊಡುವ ಸರ್ಕಾರ ಷರತ್ತನ್ನೂ ಹಾಕುತ್ತದೆ. ಮುಖ್ಯವಾದ ಷರತ್ತು: ಮಾಲೀಕರು ಮತ್ತು ಮೇಲಿನ ಅಧಿಕಾರಿಗಳು ಮಾತ್ರ ಲಾಭ ಮಾಡಿಕೊಳ್ಳುವ ಹಾಗಿಲ್ಲ, ಕೆಳಗಿನ ನೌಕರರಿಗೂ ಸಾಕಷ್ಟು ಪಾಲು ಸಿಗಬೇಕು. ಯಾರಿಗೆ ಎಷ್ಟು, ಯಾವಾಗ, ಯಾವ ಷರತ್ತಿನಲ್ಲಿ ಎಂಬ ಪ್ರತಿ ಸಾಲಿನ ಮೇಲೂ ಕಂಪನಿಗಳ ವಕೀಲರು ಮತ್ತು ಸರ್ಕಾರದ ವಕೀಲರು ಜಗ್ಗಾಡುತ್ತಾರೆ. ಐವ್ರಿ ಮೊದಲು ಖಾಸಗಿ ಸಂಸ್ಥೆಯಲ್ಲಿದ್ದು ಈ ಕೆಲಸ ಕಲಿತರು, ಆಮೇಲೆ ಸರ್ಕಾರದ ಕಡೆಗೆ ಬಂದರು.

ಅಷ್ಟರಲ್ಲಿ ಅಮೆರಿಕದ ಪಿಂಚಣಿಯ ರೂಪವೇ ಬದಲಾಗಿತ್ತು. 1978ರ ತೆರಿಗೆ ಕಾಯ್ದೆಯಲ್ಲಿ 401(ಕೆ) ಎಂಬ ಚಿಕ್ಕ ಉಪವಿಧಿ ಸೇರಿತು. ನೌಕರ ತನ್ನ ಸಂಬಳದ ಒಂದು ಭಾಗವನ್ನು ಕೈಗೆ ತೆಗೆದುಕೊಳ್ಳದೆ ನಿವೃತ್ತಿ ಖಾತೆಗೆ ಹಾಕಬಹುದು ಎನ್ನುವುದು ಅದರ ಸಾರ. 1980ರ ದಶಕದಲ್ಲಿ ಕಂಪನಿಗಳು ಇದನ್ನೇ ಹಿಡಿದುಕೊಂಡವು. ಜೀವನಪೂರ್ತಿ ತಿಂಗಳಿಗೆ ಇಷ್ಟು ಎಂದು ಕೊಡುವ ಹಳೆಯ ಪಿಂಚಣಿ ಕಡಿಮೆಯಾಗುತ್ತಾ ಹೋಯಿತು. ಉಳಿತಾಯದ ಹೊಣೆ ಕಂಪನಿಯ ತಲೆಯಿಂದ ಇಳಿದು ನೌಕರನ ತಲೆಗೆ ಬಂತು.

ಊರಿನ ಪಿಎಫ್‌ಗೂ ಇದಕ್ಕೂ ವ್ಯತ್ಯಾಸ ಇದೆ. ಭಾರತದಲ್ಲಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಪಿಎಫ್ ಕಡ್ಡಾಯ, ಅರ್ಹ ನೌಕರರ ಸಂಬಳದಿಂದ ಅದು ಕಡಿತವಾಗಿಯೇ ಆಗುತ್ತದೆ. ಅಮೆರಿಕದ 401(ಕೆ)ಗೆ ನೌಕರನೇ ಅರ್ಜಿ ತುಂಬಿ, ಎಷ್ಟು ಕಡಿತ ಅಂತ ಬರೆದು, ಹಣವನ್ನು ಎಲ್ಲಿ ಹೂಡಬೇಕು ಅಂತ ಆರಿಸಿ ಸೇರಬೇಕಿತ್ತು. ಅರ್ಜಿ ಮೇಜಿನ ಡ್ರಾಯರ್‌ನಲ್ಲೇ ಉಳಿಯುತ್ತಿತ್ತು.

1998: ಸುಮ್ಮನಿದ್ದರೂ ಸೇರಿದ ಹಾಗೆ

ಕೆಲವು ಕಂಪನಿಗಳು ಇದನ್ನು ತಿರುಗಿಸಿ ನೋಡಿದ್ದವು. ನೌಕರ ಬೇಡ ಅನ್ನದಿದ್ದರೆ ಅವನನ್ನು ಸೇರಿಸಿಯೇ ಬಿಡುವುದು, ಬೇಡ ಅಂದರೆ ಬಿಡುವುದು. ಆದರೆ ಕಾನೂನಿನ ಭಯ ಇತ್ತು. 401(ಕೆ) ಉಪವಿಧಿಯ ಪ್ರಕಾರ ಸಂಬಳ ಕೈಗೆ ಬೇಕೋ ಖಾತೆಗೆ ಬೇಕೋ ಎಂದು ನೌಕರನೇ ಆರಿಸಬೇಕು. ಏನೂ ಹೇಳದೆ ಸುಮ್ಮನಿದ್ದವನು 'ಆರಿಸಿದ್ದಾನೆ' ಅನ್ನಬಹುದೇ? ನಾಳೆ ತೆರಿಗೆ ಇಲಾಖೆ ಒಪ್ಪದಿದ್ದರೆ ಇಡೀ ಯೋಜನೆಯ ರಿಯಾಯಿತಿಯೇ ಹೋದೀತು ಎಂದು ಹೆಚ್ಚಿನ ಕಂಪನಿಗಳು ಹಿಂದೆ ಸರಿದವು.

ಈ ಗಂಟನ್ನು ಬಿಚ್ಚಲು ಹೊಸ ಕಾಯ್ದೆ ಬೇಕಾಗಲಿಲ್ಲ, ಇದ್ದ ಕಾಯ್ದೆಯ ಅರ್ಥವನ್ನು ಬಿಡಿಸಿ ಹೇಳಿದರೆ ಸಾಕಾಯಿತು. ಐವ್ರಿ ಖಜಾನೆಯಲ್ಲಿದ್ದಾಗ, 1998ರಲ್ಲಿ, ತೆರಿಗೆ ಇಲಾಖೆಯಿಂದ ಒಂದು ಅಧಿಕೃತ ವಿವರಣೆ ಹೊರಬಂತು. ಹೊಸ ನೌಕರನಿಗೆ ಮೊದಲೇ ನೋಟಿಸ್ ಕೊಟ್ಟಿರಬೇಕು, ಬೇಡ ಅನ್ನಲು ನಿಜವಾದ ಅವಕಾಶ ಮತ್ತು ಸಮಯ ಇರಬೇಕು. ಇಷ್ಟಾದ ಮೇಲೂ ಅವನು ಸುಮ್ಮನಿದ್ದರೆ ಸಂಬಳದ ಶೇ. 3ರಷ್ಟು ಖಾತೆಗೆ ಹೋಗುವುದು ಅವನ ಆಯ್ಕೆಯೇ ಆಗುತ್ತದೆ ಎಂದು ಅದು ಹೇಳಿತು. ಮೌನವೇ ಸಮ್ಮತಿ ಎಂದು ನಮ್ಮ ಹಿರಿಯರು ಹೇಳುವ ಮಾತು ಅಮೆರಿಕದ ತೆರಿಗೆ ನಿಯಮವಾಯಿತು. 2000ದಲ್ಲಿ ಇನ್ನೊಂದು ವಿವರಣೆ ಬಂದು, ಹಳೆಯ ನೌಕರರನ್ನೂ ಹೀಗೆ ಸೇರಿಸಬಹುದು ಎಂದಾಯಿತು.

ಪರಿಣಾಮ ಏನಾಯಿತು ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಬ್ರಿಜಿಟ್ ಮ್ಯಾಡ್ರಿಯನ್ ಮತ್ತು ಡೆನಿಸ್ ಶೇ 2001ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಒಂದು ದೊಡ್ಡ ಕಂಪನಿಯಲ್ಲಿ ನಿಯಮ ಬದಲಾಗುವ ಮೊದಲು ಹೊಸ ನೌಕರರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಯೋಜನೆಗೆ ಸೇರುತ್ತಿದ್ದರು. ತಾನಾಗಿ ಸೇರಿಸುವ ಪದ್ಧತಿ ಬಂದ ಮೇಲೆ ಅದು ಶೇ. 86ಕ್ಕೆ ಏರಿತು. ಹೆಚ್ಚು ಏರಿಕೆ ಕಂಡದ್ದು ಕಡಿಮೆ ಸಂಬಳದವರು, ಚಿಕ್ಕ ವಯಸ್ಸಿನವರು, ಮಹಿಳೆಯರು ಮತ್ತು ಅಲ್ಪಸಂಖ್ಯಾತರಲ್ಲಿ. ಸಂಬಳ ಹೆಚ್ಚಾಗಿರಲಿಲ್ಲ, ತೆರಿಗೆ ರಿಯಾಯಿತಿಯೂ ಹೆಚ್ಚಾಗಿರಲಿಲ್ಲ. ಬದಲಾದದ್ದು ಸುಮ್ಮನಿದ್ದರೆ ಏನಾಗುತ್ತದೆ ಎಂಬ ಒಂದು ಸಾಲು ಮಾತ್ರ.

ಅದೇ ಅಧ್ಯಯನ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಸೇರಿದವರಲ್ಲಿ ಬಹಳ ಜನ ಶೇ. 3ರಲ್ಲೇ ನಿಂತುಬಿಟ್ಟರು. ಉದಾಹರಣೆಗೆಂದು ಬರೆದ ಶೇ. 3ನ್ನೇ ಕಂಪನಿಗಳೂ ಗಟ್ಟಿ ಹಿಡಿದವು. ಮುಪ್ಪಿಗೆ ಅಷ್ಟು ಸಾಲುವುದಿಲ್ಲ. 2004ರಲ್ಲಿ, ಆಗ ಸರ್ಕಾರದಿಂದ ಹೊರಗಿದ್ದ ಐವ್ರಿಯವರ ಪತ್ರಕ್ಕೆ ಉತ್ತರವಾಗಿ ತೆರಿಗೆ ಇಲಾಖೆ, ಶೇ. 3 ಎಂಬುದು ಮಿತಿಯಲ್ಲ, ಹೆಚ್ಚು ಇಡಬಹುದು, ವರ್ಷ ವರ್ಷ ಏರಿಸುತ್ತಲೂ ಹೋಗಬಹುದು ಎಂದು ಸ್ಪಷ್ಟಪಡಿಸಿತು. 2006ರ ಪಿಂಚಣಿ ರಕ್ಷಣಾ ಕಾಯ್ದೆ ಈ ಪದ್ಧತಿಗೆ ಸಂಸತ್ತಿನ ಬೆಂಬಲ ಕೊಟ್ಟಿತು. ನೌಕರನ ಲಿಖಿತ ಒಪ್ಪಿಗೆ ಇಲ್ಲದೆ ಸಂಬಳ ಕಡಿತ ಮಾಡಬಾರದು ಎಂಬ ಕೆಲವು ರಾಜ್ಯಗಳ ಕಾನೂನಿನ ಅಡ್ಡಿಯೂ ಆಗ ನಿವಾರಣೆಯಾಯಿತು.

ಸಣ್ಣ ಅಂಗಡಿ, ಸಣ್ಣ ಸಂಬಳ

ದೊಡ್ಡ ಕಂಪನಿಯ ನೌಕರರಿಗೆ ದಾರಿ ಆಯಿತು. ಹೋಟೆಲ್, ಗ್ಯಾರೇಜ್, ಸಣ್ಣ ಅಂಗಡಿಗಳಲ್ಲಿ ದುಡಿಯುವವರ ಗತಿ ಏನು? ಇಂಥ ಕಡೆ ಯಾವ ಯೋಜನೆಯೂ ಇರುವುದಿಲ್ಲ. ಅಮೆರಿಕದ ಖಾಸಗಿ ವಲಯದಲ್ಲಿ ಸುಮಾರು ಅರ್ಧದಷ್ಟು ನೌಕರರಿಗೆ ಕೆಲಸದ ಜಾಗದಲ್ಲಿ ನಿವೃತ್ತಿ ಉಳಿತಾಯದ ವ್ಯವಸ್ಥೆಯೇ ಇಲ್ಲ.

ಐವ್ರಿಯವರ ವೃತ್ತಿಜೀವನದ ದೊಡ್ಡ ಪಾಲು ಹೋಗಿದ್ದು ಈ ಕೊರತೆಯ ಹಿಂದೆ. 1996ರಲ್ಲಿ 100 ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗಾಗಿ 'ಸಿಂಪಲ್ ಐಆರ್‌ಎ' ಎಂಬ ಕಡಿಮೆ ಕಾಗದಪತ್ರದ ಯೋಜನೆ ಬಂತು. ಅದನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. 2001ರಲ್ಲಿ ಕಾಯ್ದೆಯಾದ 'ಸೇವರ್ಸ್ ಕ್ರೆಡಿಟ್' ಅವರ ಇನ್ನೊಂದು ಕೆಲಸ. ಸಾಮಾನ್ಯ ತೆರಿಗೆ ರಿಯಾಯಿತಿಯಿಂದ ಹೆಚ್ಚು ಸಂಬಳದವನಿಗೇ ಹೆಚ್ಚು ಲಾಭ, ಏಕೆಂದರೆ ಅವನ ತೆರಿಗೆಯ ದರವೇ ಹೆಚ್ಚು. ಸೇವರ್ಸ್ ಕ್ರೆಡಿಟ್ ಇದನ್ನು ತಲೆಕೆಳಗು ಮಾಡಿತು. ಆದಾಯ ಕಡಿಮೆ ಇದ್ದಷ್ಟೂ ರಿಯಾಯಿತಿಯ ಪ್ರಮಾಣ ಹೆಚ್ಚು: 2,000 ಡಾಲರ್‌ವರೆಗಿನ ಉಳಿತಾಯಕ್ಕೆ ಶೇ. 10, 20 ಅಥವಾ 50.

ಆದರೆ ಇದರಲ್ಲಿ ಒಂದು ತೂತು ಉಳಿಯಿತು. ಇದು ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಮಾತ್ರ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ಬಡ ನೌಕರನಿಗೆ ಏನೂ ಸಿಗುತ್ತಿರಲಿಲ್ಲ. ಅದನ್ನು ಮುಚ್ಚಲು ಎರಡು ದಶಕ ಬೇಕಾಯಿತು. 2022ರ ಡಿಸೆಂಬರ್‌ನಲ್ಲಿ ಸಹಿಯಾದ 'ಸೆಕ್ಯೂರ್ 2.0' ಕಾಯ್ದೆಯ ಪ್ರಕಾರ 2027ರಿಂದ ಸರ್ಕಾರ ಅರ್ಹರ ನಿವೃತ್ತಿ ಖಾತೆಗೇ ನೇರವಾಗಿ ಗರಿಷ್ಠ 1,000 ಡಾಲರ್ ಹಾಕುತ್ತದೆ. 2022ರ ನಂತರ ಶುರುವಾದ ಹೊಸ 401(ಕೆ) ಯೋಜನೆಗಳು 2025ರಿಂದ ನೌಕರರನ್ನು ತಾನಾಗಿಯೇ ಸೇರಿಸಿಕೊಳ್ಳಬೇಕು ಎಂಬುದೂ ಇದೇ ಕಾಯ್ದೆಯಲ್ಲಿದೆ. ತೀರಾ ಸಣ್ಣ ಮತ್ತು ಹೊಸ ಸಂಸ್ಥೆಗಳಿಗೆ ವಿನಾಯಿತಿ ಇದೆ.

ಎದುರು ಪಕ್ಷದವರ ಜೊತೆ ಸೇರಿ

2006ರಲ್ಲಿ ಐವ್ರಿ 'ಆಟೋ ಐಆರ್‌ಎ' ಎಂಬ ಪ್ರಸ್ತಾವ ಮುಂದಿಟ್ಟರು. ಜೊತೆಗಾರರಾಗಿದ್ದವರು ಹೆರಿಟೇಜ್ ಫೌಂಡೇಶನ್‌ನ ಡೇವಿಡ್ ಜಾನ್. ಐವ್ರಿ ಕೆಲಸ ಮಾಡಿದ್ದು ಡೆಮಾಕ್ರಾಟ್ ಅಧ್ಯಕ್ಷರ ಸರ್ಕಾರಗಳಲ್ಲಿ. ಹೆರಿಟೇಜ್ ಸಂಸ್ಥೆ ಬಲಪಂಥೀಯ ಚಿಂತನೆಯ ಕೇಂದ್ರ. ರಾಜಕೀಯವಾಗಿ ಎಣ್ಣೆ-ಸೀಗೆಕಾಯಿ ಅನ್ನಬಹುದಾದ ಎರಡು ಕಡೆಯವರು ಒಂದೇ ಕಾಗದಕ್ಕೆ ಹೆಸರು ಹಾಕಿದ್ದು ಗಮನ ಸೆಳೆಯಿತು.

ಪ್ರಸ್ತಾವ ಸರಳ. ಯೋಜನೆ ಇಲ್ಲದ ಸಂಸ್ಥೆಯ ಮಾಲೀಕ ತನ್ನ ಕೈಯಿಂದ ಹಣ ಹಾಕಬೇಕಾಗಿಲ್ಲ. ನೌಕರನ ಸಂಬಳದಿಂದ ಒಂದಿಷ್ಟು ಕಡಿತ ಮಾಡಿ ನೌಕರನ ಹೆಸರಿನ ಖಾತೆಗೆ ಕಳಿಸಿದರೆ ಸಾಕು. ಬೇಡ ಅನ್ನುವ ನೌಕರ ಹೊರಗುಳಿಯಬಹುದು. ಕೇಂದ್ರದಲ್ಲಿ ಇದು ಕಾಯ್ದೆಯಾಗಲಿಲ್ಲ. ಆದರೆ ರಾಜ್ಯಗಳು ಎತ್ತಿಕೊಂಡವು. 2017ರಲ್ಲಿ ಆರೆಗಾನ್ ಮೊದಲು ಆರಂಭಿಸಿತು, ನಂತರ ಇಲಿನಾಯ್, ಕ್ಯಾಲಿಫೋರ್ನಿಯಾ ಸೇರಿ ಹತ್ತಕ್ಕೂ ಹೆಚ್ಚು ರಾಜ್ಯಗಳು ಕಾನೂನು ಮಾಡಿದವು. ಆರೆಗಾನ್‌ನಲ್ಲಿ ಶೇ. 5ರಿಂದ ಶುರುವಾಗಿ ವರ್ಷಕ್ಕೆ ಶೇ. 1ರಂತೆ ಶೇ. 10ರವರೆಗೆ ಏರುತ್ತದೆ.

ಸೋತ ಪ್ರಯೋಗವೂ ಉಂಟು

ಐವ್ರಿ ಎರಡನೇ ಬಾರಿ ಖಜಾನೆಗೆ ಬಂದ ಕಾಲದ್ದೇ ಇನ್ನೊಂದು ಪ್ರಯೋಗ 'ಮೈಆರ್‌ಎ'. 2014ರ ಜನವರಿಯಲ್ಲಿ ಅಧ್ಯಕ್ಷ ಒಬಾಮ ಇದನ್ನು ಘೋಷಿಸಿದರು. ಶುಲ್ಕ ಇಲ್ಲ, ನಷ್ಟದ ಭಯ ಇಲ್ಲ, ಎಷ್ಟು ಕಡಿಮೆ ಹಣದಿಂದಲೂ ಶುರು ಮಾಡಬಹುದು. ಬಡವರಿಗೆ ಇದಕ್ಕಿಂತ ಒಳ್ಳೆಯದು ಬೇಕೇ ಅನ್ನುವ ಹಾಗಿತ್ತು. ಆದರೂ ಸೇರಿದವರು ಕಡಿಮೆ. ಖರ್ಚು ಹೆಚ್ಚು, ಬೇಡಿಕೆ ಕಡಿಮೆ ಎಂದು 2017ರಲ್ಲಿ ಮುಂದಿನ ಸರ್ಕಾರ ಅದನ್ನು ನಿಲ್ಲಿಸಿತು. ಮೈಆರ್‌ಎ ತಾನಾಗಿ ಸೇರಿಸುವ ಯೋಜನೆ ಆಗಿರಲಿಲ್ಲ. ಆಸಕ್ತಿ ಇದ್ದವರು ಬಂದು ಸೇರಬೇಕಿತ್ತು. 1998ಕ್ಕೆ ಮೊದಲು ಡ್ರಾಯರ್‌ನಲ್ಲಿ ಉಳಿದ ಅರ್ಜಿಗಳ ಕಥೆಯೇ ಮತ್ತೆ ನಡೆಯಿತು.

ಟೀಕೆಗಳೂ ಇವೆ

ಐವ್ರಿ ಹಾದಿಯನ್ನು ಎಲ್ಲರೂ ಒಪ್ಪುವುದಿಲ್ಲ. ತಿಂಗಳ ಕೊನೆಗೆ ಬಾಡಿಗೆಗೇ ಪರದಾಡುವವನ ಸಂಬಳ ಕಡಿತವಾದರೆ ಅವನು ಸಾಲ ಮಾಡುತ್ತಾನೆ, ಉಳಿತಾಯಕ್ಕಿಂತ ಸಾಲದ ಬಡ್ಡಿ ಜಾಸ್ತಿ ಎನ್ನುವವರಿದ್ದಾರೆ. ಮಾಲೀಕನ ಜವಾಬ್ದಾರಿ ಕಡಿಮೆ ಮಾಡಿ ಎಲ್ಲವನ್ನೂ ನೌಕರನ ಸಂಬಳದಿಂದಲೇ ತೆಗೆಯುವುದು ನ್ಯಾಯವಲ್ಲ, ಹಳೆಯ ಕಾಲದ ಪಿಂಚಣಿಯೇ ಬೇಕು ಎನ್ನುವ ಕಾರ್ಮಿಕ ಪರ ವಾದವೂ ಇದೆ.

ಹಣಕ್ಕೆ ಬೀಗ ಹಾಕುವ ನಿಯಮ ನಂಬಿಕೆ ಇಲ್ಲದೆ ಬಂದರೆ ಏನಾಗುತ್ತದೆ ಎಂಬುದು ಕರ್ನಾಟಕಕ್ಕೆ ಗೊತ್ತು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಕಾರ್ಮಿಕರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ನಿಯಮ ಹಿಂಪಡೆಯಿತು. ಮಧ್ಯದಲ್ಲಿ ಕೆಲಸ ಹೋದರೆ ಮನೆ ನಡೆಸಲು ಅವರಿಗಿದ್ದ ಆಸರೆ ಆ ಹಣ. ಐವ್ರಿ ರೂಪಿಸಿದ ಪದ್ಧತಿಗಳಲ್ಲಿ 'ಬೇಡ' ಅನ್ನುವ ಬಾಗಿಲನ್ನು ಯಾವಾಗಲೂ ತೆರೆದಿಟ್ಟಿರುವುದಕ್ಕೆ ಬೆಲೆ ಇರುವುದು ಇದರಿಂದಲೇ.

ಗಲ್ಫ್ ಕನ್ನಡಿಗರಿಗೆ ಇದರಿಂದ ಏನು?

ಗಲ್ಫ್‌ನಲ್ಲಿ ದುಡಿಯುವ ಭಾರತೀಯರಿಗೆ ಅಲ್ಲಿನ ಸರ್ಕಾರಿ ಪಿಂಚಣಿ ಇಲ್ಲ. ಅದು ಆಯಾ ದೇಶದ ಪ್ರಜೆಗಳಿಗೆ. ವಿದೇಶಿಯರಿಗೆ ಇರುವುದು ಕೆಲಸ ಬಿಡುವಾಗಿನ ಗ್ರಾಚ್ಯುಟಿ. ಯುಎಇಯಲ್ಲಿ ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ, ನಂತರ ವರ್ಷಕ್ಕೆ 30 ದಿನದ್ದು. ಒಟ್ಟು ಎರಡು ವರ್ಷದ ಸಂಬಳ ಮೀರುವಂತಿಲ್ಲ. ಸೌದಿಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳು, ನಂತರ ಒಂದು ತಿಂಗಳು. ಅಲ್ಲಿ ತಾನಾಗಿ ರಾಜೀನಾಮೆ ಕೊಟ್ಟವರಿಗೆ ಎರಡರಿಂದ ಐದು ವರ್ಷದ ಸೇವೆಗೆ ಮೂರನೇ ಒಂದು ಭಾಗ, ಐದರಿಂದ ಹತ್ತು ವರ್ಷಕ್ಕೆ ಮೂರನೇ ಎರಡು ಭಾಗ, ಹತ್ತು ವರ್ಷ ತುಂಬಿದ್ದರೆ ಪೂರ್ತಿ ಸಿಗುತ್ತದೆ. ಕತಾರ್‌ನಲ್ಲಿ ವರ್ಷಕ್ಕೆ ಕನಿಷ್ಠ ಮೂರು ವಾರದ ಬೇಸಿಕ್. ಕುವೈತ್‌ನಲ್ಲಿ ತಿಂಗಳ ಸಂಬಳದವರಿಗೆ ಮೊದಲ ಐದು ವರ್ಷ 15 ದಿನದಂತೆ, ಆಮೇಲೆ ಒಂದು ತಿಂಗಳಂತೆ, ಒಟ್ಟು ಒಂದೂವರೆ ವರ್ಷದ ಸಂಬಳದ ಮಿತಿಯಲ್ಲಿ.

ಒಂದು ಲೆಕ್ಕ ನೋಡಬಹುದು. ಯುಎಇಯಲ್ಲಿ 1,500 ದಿರ್ಹಮ್ ಬೇಸಿಕ್ ಇರುವವರು 12 ವರ್ಷ ದುಡಿದರೆ ದಿನದ ಬೇಸಿಕ್ 50 ದಿರ್ಹಮ್. ಮೊದಲ ಐದು ವರ್ಷಕ್ಕೆ 5,250, ಉಳಿದ ಏಳು ವರ್ಷಕ್ಕೆ 10,500. ಒಟ್ಟು 15,750 ದಿರ್ಹಮ್. ಓವರ್‌ಟೈಮ್, ಅಲೋವೆನ್ಸ್ ಸೇರಿ ಕೈಗೆ ಬರುತ್ತಿದ್ದುದು ಇದಕ್ಕಿಂತ ಎಷ್ಟು ಹೆಚ್ಚಿದ್ದರೂ ಲೆಕ್ಕಕ್ಕೆ ಬರುವುದು ಬೇಸಿಕ್ ಮಾತ್ರ. ಹನ್ನೆರಡು ವರ್ಷದ ದುಡಿಮೆಯ ಕೊನೆಗೆ ಸಿಗುವುದು ಹತ್ತೂವರೆ ತಿಂಗಳ ಬೇಸಿಕ್.

ಎರಡನೆಯ ತೊಂದರೆ ಸ್ಟುಡ್‌ಬೇಕರ್ ತೊಂದರೆ. ಹಳೆಯ ಪದ್ಧತಿಯಲ್ಲಿ ಗ್ರಾಚ್ಯುಟಿ ಹಣ ಕಂಪನಿಯ ಬಳಿಯೇ ಇರುತ್ತದೆ. ಕಂಪನಿ ಮುಳುಗಿದರೆ ಕಾರ್ಮಿಕ ಕೋರ್ಟು, ಕಚೇರಿ ಅಲೆಯಬೇಕು. ಈಗ ಕೆಲವು ಕಡೆ ನಿಧಿಯನ್ನು ಪ್ರತ್ಯೇಕಿಸುವ ವ್ಯವಸ್ಥೆ ಬರುತ್ತಿದೆ. ದುಬೈನ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದಲ್ಲಿ, ಅಂದರೆ ಡಿಐಎಫ್‌ಸಿಯಲ್ಲಿ, 2020ರ ಫೆಬ್ರವರಿಯಿಂದ ಕಂಪನಿಗಳು ಪ್ರತಿ ತಿಂಗಳು ಬೇಸಿಕ್‌ನ ಶೇ. 5.83, ಐದು ವರ್ಷದ ನಂತರ ಶೇ. 8.33 ಹಣವನ್ನು ಹೊರಗಿನ ನಿಧಿಗೆ ಕಟ್ಟುತ್ತಿವೆ. ಬಹರೈನ್‌ನಲ್ಲಿ 2024ರ ಮಾರ್ಚ್‌ನಿಂದ ಮಾಲೀಕರು ಸರ್ಕಾರಿ ಸಾಮಾಜಿಕ ವಿಮಾ ಸಂಸ್ಥೆಗೆ ಮೊದಲ ಮೂರು ವರ್ಷ ಶೇ. 4.2, ನಂತರ ಶೇ. 8.4 ಕಟ್ಟಬೇಕು. ಯುಎಇ 2023ರಲ್ಲಿ ಇಂಥದ್ದೇ ಯೋಜನೆ ತಂದಿತು, ಆದರೆ ಅದಕ್ಕೆ ಸೇರುವುದು ಕಂಪನಿಯ ಇಷ್ಟ.

ಭಾರತ ಸರ್ಕಾರದ ಪ್ರಯತ್ನವೂ ಒಂದಿತ್ತು. ಗಲ್ಫ್‌ಗೆ ಹೋಗುವ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಾದ ಕಾರ್ಮಿಕರಿಗಾಗಿ 2012ರಲ್ಲಿ ಮಹಾತ್ಮ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆ ಆರಂಭವಾಯಿತು. ಪಿಂಚಣಿಗೆ ಕಾರ್ಮಿಕ ಹಣ ಕಟ್ಟಿದರೆ ಸರ್ಕಾರವೂ ತನ್ನ ಪಾಲು ಹಾಕುತ್ತಿತ್ತು. ಊರಿಗೆ ಮರಳಿದ ಮೇಲಿನ ಪುನರ್ವಸತಿ ಉಳಿತಾಯ ಮತ್ತು ಜೀವವಿಮೆಯೂ ಅದರಲ್ಲಿ ಸೇರಿದ್ದವು. ಸೇರಿದವರು ಬಹಳ ಕಡಿಮೆ, 2017ರಲ್ಲಿ ಅದು ಮುಚ್ಚಿತು. ಅಮೆರಿಕದ ಮೈಆರ್‌ಎ ಮುಚ್ಚಿದ್ದೂ ಅದೇ ವರ್ಷ. ಎರಡೂ ಕಡೆ ದುಡಿಯುವವನೇ ತಿಳಿದುಕೊಂಡು, ಅರ್ಜಿ ತುಂಬಿ ಸೇರಬೇಕಿತ್ತು. ಲೇಬರ್ ಕ್ಯಾಂಪ್‌ನಲ್ಲಿ ದಿನಕ್ಕೆ ಹನ್ನೆರಡು ತಾಸು ದುಡಿಯುವವನಿಗೆ ಅದಕ್ಕೆ ಸಮಯ ಎಲ್ಲಿಂದ ಬರಬೇಕು?

ಅಣ್ಣ ಅಮೆರಿಕದಲ್ಲಿ, ತಮ್ಮ ದುಬೈಯಲ್ಲಿ ಇರುವ ಮನೆಗಳು ಈಗ ಬೇಕಾದಷ್ಟಿವೆ. ಅಮೆರಿಕದಲ್ಲಿರುವವರಿಗೂ ತಿಳಿದಿರಬೇಕಾದ ಮಾತು: 401(ಕೆ)ಗೆ ತಮ್ಮ ಸಂಬಳದಿಂದ ಹೋದ ಹಣ ಊರಿಗೆ ಮರಳಿದರೂ ಅವರದೇ. ಕಂಪನಿ ಹಾಕಿದ ಪಾಲು ಪೂರ್ತಿ ಸಿಗಲು ಕೆಲವು ವರ್ಷ ದುಡಿದಿರಬೇಕಾಗಬಹುದು. ಐವತ್ತೊಂಬತ್ತೂವರೆ ವರ್ಷಕ್ಕೆ ಮೊದಲು ತೆಗೆದರೆ ಸಾಮಾನ್ಯವಾಗಿ ಶೇ. 10 ಹೆಚ್ಚುವರಿ ತೆರಿಗೆ ಬೀಳುತ್ತದೆ. ಬ್ರಿಟನ್‌ನಲ್ಲಿ 2012ರಿಂದ ಅರ್ಹ ನೌಕರರನ್ನು ತಾನಾಗಿಯೇ ಪಿಂಚಣಿಗೆ ಸೇರಿಸುವ ಕಾನೂನು ಇದೆ.

ನೆನಪಿಡಬೇಕಾದದ್ದು

ಗಲ್ಫ್‌ನ ಬಹುತೇಕ ಕಡೆ ಕಾರ್ಮಿಕ ಸುಮ್ಮನಿದ್ದರೆ ಅವನ ಹೆಸರಿಗೆ ಪ್ರತಿ ತಿಂಗಳು ಯಾವ ಉಳಿತಾಯವೂ ಆಗುವುದಿಲ್ಲ. ಕಾನೂನು ಮಾಡದ ಕೆಲಸವನ್ನು ತಾವೇ ಒಂದು ಸಲ ಕೂತು ಮಾಡಿಟ್ಟರೆ ಆಮೇಲೆ ಅದು ತಾನಾಗಿ ನಡೆಯುತ್ತದೆ.

- ಕಾಂಟ್ರಾಕ್ಟ್‌ನಲ್ಲಿ ಬೇಸಿಕ್ ಎಷ್ಟು ಎಂದು ನೋಡಿಟ್ಟುಕೊಳ್ಳಬೇಕು. ಸಂಬಳ ಏರಿದಾಗ ಬೇಸಿಕ್ ಏರಿದೆಯೋ, ಬರೀ ಅಲೋವೆನ್ಸ್ ಏರಿದೆಯೋ ಕೇಳಬೇಕು.
- ಕಾಂಟ್ರಾಕ್ಟ್, ಸಂಬಳದ ಸ್ಲಿಪ್, ಕೆಲಸಕ್ಕೆ ಸೇರಿದ ದಿನಾಂಕದ ದಾಖಲೆ ಇವುಗಳ ಫೋಟೊ ಮನೆಯವರ ಬಳಿಯೂ ಇರಲಿ.
- ಗ್ರಾಚ್ಯುಟಿ ಹಣ ಕಂಪನಿಯಲ್ಲೇ ಇದೆಯೋ, ಹೊರಗಿನ ನಿಧಿಗೆ ಹೋಗುತ್ತಿದೆಯೋ ಎಂದು ಎಚ್‌ಆರ್ ವಿಭಾಗದಲ್ಲಿ ವಿಚಾರಿಸಬೇಕು.
- ರಾಜೀನಾಮೆ ಕೊಡುವ ಮೊದಲು ಲೆಕ್ಕ ಹಾಕಬೇಕು. ಸೌದಿಯಲ್ಲಿ ಐದು ಅಥವಾ ಹತ್ತು ವರ್ಷ ತುಂಬಲು ಕೆಲವೇ ವಾರ ಬಾಕಿ ಇದ್ದರೆ ಕಾದರೆ ದೊಡ್ಡ ವ್ಯತ್ಯಾಸ ಆಗುತ್ತದೆ.
- ಊರಿನ ಬ್ಯಾಂಕಿನ ಎನ್‌ಆರ್‌ಇ ಖಾತೆಯಿಂದ ತಿಂಗಳ ನಿಗದಿತ ದಿನ ತಾನಾಗಿ ಆರ್‌ಡಿಗೆ ಹಣ ಹೋಗುವಂತೆ ಬರೆದುಕೊಡಬಹುದು. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಅಂದರೆ ಎನ್‌ಪಿಎಸ್‌ಗೆ, ಅನಿವಾಸಿ ಭಾರತೀಯರೂ ಸೇರಬಹುದು.

ಐವ್ರಿ ವಕೀಲರಾಗಿ ಬರೆದ ಮತ್ತು ಬರೆಸಿದ ಸಾಲುಗಳನ್ನು ಓದಿದ ಕಾರ್ಮಿಕರು ಅಮೆರಿಕದಲ್ಲೂ ಕಡಿಮೆ. ಅವರು ಓದಬೇಕಾದ ಅಗತ್ಯವೂ ಇರಲಿಲ್ಲ, ಸುಮ್ಮನಿದ್ದವರ ಹೆಸರಿಗೂ ತಿಂಗಳು ತಿಂಗಳು ಹಣ ಸೇರುತ್ತಾ ಹೋಯಿತು. ಗಲ್ಫ್‌ನ ಕಾರ್ಮಿಕನಿಗೆ ಸದ್ಯಕ್ಕೆ ಆ ಅನುಕೂಲ ಇಲ್ಲ. ಇಲ್ಲಿ ಆ ಅರ್ಜಿಯನ್ನು ಡ್ರಾಯರ್‌ನಿಂದ ತೆಗೆದು ತುಂಬಬೇಕಾದವನು ಅವನೇ.